ಬೆಟ್ಟದ ಹಾದಿಯ ಓಟ



ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದವರು, ಮುಖ್ಯೋಪಾಧ್ಯಾಯಿನಿಯಾದವಳು ಶಿಸ್ತನ್ನೋ ಪರೀಕ್ಷೆಯನ್ನೋ ಕುರಿತು ಬರೆಯುವಳೆಂದು ಎಣಿಸಿದ್ದಿರಬೇಕು. ನಾನಾದರೋ ಓಟವನ್ನು ಕುರಿತು ಬರೆಯಲಿರುವೆನು. ಅದೂ ಮೈದಾನದ ಓಟವಲ್ಲ, ಗುಡ್ಡಬೆಟ್ಟಗಳ ಕಾಲುದಾರಿಯ ಓಟ.

ಇದಕ್ಕೆ ಈಗ ಟ್ರೇಲ್ ರನ್ನಿಂಗ್ ಎಂಬ ಹೆಸರು ಬಂದಿದೆ. ಹೆಸರು ಹೊಸದು, ಕಾರ್ಯವು ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂಟಿಮನೆಗಳ ಮಕ್ಕಳು ಹೊತ್ತು ಮೀರಿತೆಂದು ಕಾನಿನ ಒಳದಾರಿ ಹಿಡಿದು, ಸಂಕ ದಾಟಿ, ಏದುಸಿರು ಬಿಡುತ್ತ ಶಾಲೆಗೆ ಓಡಿಬರುತ್ತಿದ್ದುದು ಇದೇ ಅಲ್ಲವೆ? ಅಂದು ಅದಕ್ಕೆ ಯಾರೂ ಪದಕವನ್ನು ಕೊಡಲಿಲ್ಲ.

ಹದಿನೈದು ವರ್ಷಗಳ ಹಿಂದೆ ನಮ್ಮಲ್ಲಿ ಓದಿದವಳೊಬ್ಬಳು ಈಗ ಬೆಂಗಳೂರಿನಲ್ಲಿ ಚಿತ್ರ ಬರೆದು ಜೀವಿಸುತ್ತಾಳೆ. ಊರಿಗೆ ಬಂದಾಗಲೆಲ್ಲ ನಸುಕಿನಲ್ಲಿಯೇ ಎದ್ದು ಗುಡ್ಡದ ಹಾದಿಯಲ್ಲಿ ಓಡುವುದು ಅವಳ ವಾಡಿಕೆ. ಅದರಲ್ಲೇನಿದೆಯಮ್ಮ ಎಂದು ಕೇಳಿದೆನು. "ಟೀಚರ್, ಡಾಮರು ರಸ್ತೆಯಲ್ಲಿ ಓಡುವಾಗ ಇನ್ನೆಷ್ಟು ದೂರ ಎಂದು ಲೆಕ್ಕ ಹಾಕುತ್ತೇನೆ. ಬೆಟ್ಟದಲ್ಲಿ ಲೆಕ್ಕಕ್ಕೆ ಬಿಡುವೇ ಇಲ್ಲ" ಎಂದಳು. ಬೇರು, ಪಾಚಿಗಟ್ಟಿದ ಜಂಬಿಟ್ಟಿಗೆ, ತರಗೆಲೆಯ ಕೆಳಗೆ ಅಡಗಿದ ಕುಳಿ, ಇವುಗಳ ನಡುವೆ ಮೂರು ನಾಲ್ಕು ಹೆಜ್ಜೆಗಳ ಮುಂದಕ್ಕೆ ನೋಟವಿಟ್ಟು, ಹೆಜ್ಜೆಯನ್ನು ಕಿರಿದುಮಾಡಿ ಓಡಬೇಕಂತೆ. ಏರಿನಲ್ಲಿ ಉಸಿರು ಸೋಲುವುದು. ಇಳಿಜಾರಿನಲ್ಲಿ ಮೊಣಕಾಲು ಸೋಲುವುದು. ಕಣ್ಣು ಕಾಲಿಗೆ ದಾರಿಯನ್ನು ಹುಡುಕುತ್ತಿರುವಾಗ ಮನಸ್ಸು ಮಾತ್ರ ತನ್ನಷ್ಟಕ್ಕೆ ಬಿಡುಗಡೆಯಾಗಿ, ವಾರದಿಂದ ಕೈಗೆ ಹತ್ತದಿದ್ದ ಚಿತ್ರವೊಂದು ಯಾವುದೋ ತಿರುವಿನಲ್ಲಿ ಹೊಳೆದುಬಿಡುವುದಂತೆ. ಅವಳ ನೆರೆಯವರು ಹೇಳುವುದಾದರೋ ಬೇರೆ: ಮದುವೆಯಾದವಳು ಹೀಗೆ ಗುಡ್ಡ ಗುಡ್ಡ ಓಡುವುದೇ?

ಸೃಷ್ಟಿಕಾರ್ಯಕ್ಕೂ ಬೆಟ್ಟಕ್ಕೂ ಇರುವ ನಂಟನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. 1904ರಲ್ಲಿ ಜನಿಸಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪುರವರು ಪ್ರೌಢಶಿಕ್ಷಣಕ್ಕಾಗಿ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಿದರು. (ಮಿಷನ್ ಶಾಲೆಯವರಾದ ನಾವು ಇದನ್ನು ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳುವುದುಂಟು.) ಮೈಸೂರಿನಲ್ಲಿ ನೆಲೆಸಿದ ಮೇಲೆಯೂ ಅವರ ಮನಸ್ಸು ಕವಿಶೈಲದ ಬಂಡೆಗಳನ್ನೂ ನವಿಲುಕಲ್ಲಿನ ಸೂರ್ಯೋದಯವನ್ನೂ ಬಿಡಲಿಲ್ಲ. 1933ರಲ್ಲಿ ಪ್ರಕಟವಾದ 'ಮಲೆನಾಡಿನ ಚಿತ್ರಗಳು' ಕಾಡು ಅಲೆದ ಕಾಲುಗಳಿಂದ ಹುಟ್ಟಿದ ಪುಸ್ತಕವೆಂದೇ ನನ್ನ ಎಣಿಕೆ. ಆದರೆ ಆ ಕಾಲದಲ್ಲಿ ಅದೇ ಸೀಮೆಯ ಹೆಣ್ಣುಮಕ್ಕಳಿಗೆ ಅಂತಹ ಅಲೆದಾಟವು ಎಷ್ಟು ದೊರೆತೀತು? ಸೊಪ್ಪಿಗೆ, ಸೌದೆಗೆ ಅವರು ಕಾಡಿಗೆ ಹೋದರು. ಕೆಲಸವಿಲ್ಲದೆ ಸುಮ್ಮನೆ ಬೆಟ್ಟವೇರಿ ಕುಳಿತುಕೊಳ್ಳುವ ಭಾಗ್ಯವು ಗಂಡುಹುಡುಗರದಾಗಿತ್ತು. ಹಾಗೆ ಬರೆಯದೆ ಉಳಿದ ಪುಸ್ತಕಗಳನ್ನು ಯಾವ ಪುಸ್ತಕಭಂಡಾರದಲ್ಲಿ ಹುಡುಕೋಣ?

ಹೊರದೇಶಗಳಲ್ಲಿಯೂ ಸ್ಥಿತಿಯು ಮೇಲಾಗಿರಲಿಲ್ಲ. 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರು 800 ಮೀಟರು ಓಡಿ ದಣಿದುದನ್ನು ಕಂಡು, ಆ ಓಟವು ಅವರಿಗೆ ಸಲ್ಲದೆಂದು ತೆಗೆದುಹಾಕಿದರು. 1960ರವರೆಗೆ ಅದು ಮರಳಿ ಬರಲಿಲ್ಲ. ಗಂಡಸರು ದಣಿದಾಗ ಯಾರೂ ಹಾಗೆನ್ನಲಿಲ್ಲವಷ್ಟೆ! ಸ್ತ್ರೀಯರ ಒಲಿಂಪಿಕ್ ಮ್ಯಾರಥಾನಿಗೆ 1984ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಎಂಟನೆಯ ತರಗತಿಯೇ ಗಡಿ. ಏಳರಲ್ಲಿ ಜಿಂಕೆಯಂತೆ ಓಡುತ್ತಿದ್ದವಳ ಮನೆಯಿಂದ ಆ ವರ್ಷ ಪತ್ರ ಬರುವುದು: ಮಗಳು ದೊಡ್ಡವಳಾಗಿದ್ದಾಳೆ, ಆಟೋಟಗಳಿಂದ ದಯಮಾಡಿ ಬಿಡುಗಡೆ ಕೊಡಬೇಕು. ಇಂತಹ ಪತ್ರಗಳನ್ನು ನಾನು ಕಡತದಲ್ಲಿ ಇರಿಸಿಕೊಂಡಿದ್ದೇನೆ. ಅವುಗಳನ್ನು ಬರೆದವರು ಮಗಳನ್ನು ಪ್ರೀತಿಸದವರಲ್ಲ; ಅಂಜಿದವರು.

ಅಂಜಿಕೆಯಲ್ಲಿ ಅರ್ಧ ನಿಜವುಂಟೆಂಬುದನ್ನೂ ಹೇಳಬೇಕು. ಇಂಬಳವು ಕಚ್ಚಿದರೆ ತುಸು ರಕ್ತ ಹೋದೀತು, ಅಷ್ಟೆ. ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಅದರ ಕಡಿತದಿಂದಲೇ ಹರಡುವುದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಹಲವರು ಅದರಿಂದ ತೀರಿಕೊಂಡರು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆದುದರಿಂದ ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿಗೆ ನಾನು ಕರೆದೊಯ್ಯುವುದಿಲ್ಲ. ಮಂಗ ಸತ್ತ ಸುದ್ದಿಯಿದ್ದ ಕಡೆಗಂತೂ ಯಾವ ಕಾಲದಲ್ಲಿಯೂ ಇಲ್ಲ.

ಮಳೆ ಹಿಂದೆಗೆದ ನವೆಂಬರಿನಲ್ಲಿ ಹೋಗುತ್ತೇವೆ. ಕಳೆದ ಸಲ ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ, 1343 ಮೀಟರು ಎತ್ತರಕ್ಕೆ, ಜೀಪನ್ನು ಹತ್ತದೆ ಹಿಡ್ಲುಮನೆ ಅಬ್ಬಿಯ ದಾರಿಯಾಗಿ ನಡೆದೆವು. ಕಾನು ಮುಗಿದು ಹುಲ್ಲುಗಾವಲು ತೆರೆದೊಡನೆ ಹುಡುಗಿಯರಿಗೆ ಏನು ತೋರಿತೋ, ಹೇಳದೆ ಕೇಳದೆ ಓಡತೊಡಗಿದರು. ಮಂಜು ಕೆಲವರನ್ನು ನುಂಗುವುದು, ಮತ್ತೆ ಉಗುಳುವುದು. ನಗೆ ಮಾತ್ರ ಎಡೆಬಿಡದೆ ಕೇಳುತ್ತಿತ್ತು. ತರಗತಿಯಲ್ಲಿ ಬಾಯಿ ತೆರೆಯದ ಒಬ್ಬ ಹುಡುಗಿ ಸರ್ವಜ್ಞಪೀಠದ ಕಲ್ಲುಮಂಟಪದ ಬಳಿ ಕುಳಿತು, ಕಣಿವೆಯನ್ನು ನೋಡುತ್ತ, ಕಿರುಪುಸ್ತಕದಲ್ಲಿ ಏನನ್ನೋ ಬರೆಯುತ್ತಿದ್ದಳು. ಏನೆಂದು ನಾನು ಕೇಳಲಿಲ್ಲ. ಅವಳ ತಂದೆಯ ಪತ್ರವೂ ನನ್ನ ಕಡತದಲ್ಲಿತ್ತು. ಮರುವಾರ ಅವರು ಶಾಲೆಗೆ ಬಂದು ಅದನ್ನು ಹಿಂದಕ್ಕೆ ಕೇಳಿ ತೆಗೆದುಕೊಂಡು ಹೋದರು.

ಈ ವರ್ಷದ ಅನುಮತಿಪತ್ರಗಳನ್ನು ಮಕ್ಕಳ ಕೈಯಲ್ಲಿಯೇ ಕಳುಹಿಸುವೆವು. ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ಜತೆಗೆ ಬರಬಹುದು. ಜಾರದ ಪಾದರಕ್ಷೆ, ನೀರು, ಬುತ್ತಿ ಇದ್ದರೆ ಸಾಕು.