ಬೆಟ್ಟವೇರಿ ಬಂದ ‘ಓಂ’

ಭಾಷೆಯೊಂದು ಗಡಿಯನ್ನು ದಾಟುವಾಗ ತನ್ನ ಸರ್ವಸ್ವವನ್ನೂ ಹೊತ್ತೊಯ್ಯಲಾರದು. ನೀಲಗಿರಿಯ ಬಡಗ ತರುಣನಿಗೆ ಹಟ್ಟಿಯಲ್ಲಿ ಬಡಗ ನುಡಿ, ಶಾಲೆಯಲ್ಲಿ ತಮಿಳು. ಬಂಡೀಪುರದ ಕಾಡಿನಾಚೆಯ ಕನ್ನಡ ಅವನನ್ನು ತಲುಪುವುದು ಬಹುಮಟ್ಟಿಗೆ ಸಿನಿಮಾದ ಮೂಲಕ. ಹಾಗೆ ಬೆಟ್ಟವೇರುವ ಕನ್ನಡದಲ್ಲಿ ‘ಓಂ’ ಚಿತ್ರದ ಕನ್ನಡವೂ ಸೇರಿದೆ.

1995ರಲ್ಲಿ ಉಪೇಂದ್ರ ನಿರ್ದೇಶಿಸಿದ, ಶಿವರಾಜ್‌ಕುಮಾರ್ ಮತ್ತು ಪ್ರೇಮಾ ನಟಿಸಿದ ಈ ಚಿತ್ರ ಬೆಂಗಳೂರಿನ ಭೂಗತ ಲೋಕದ ಕಥನ. ಪುರೋಹಿತರ ಮಗನೊಬ್ಬ ಮಚ್ಚು ಹಿಡಿಯುವುದು ಅದರ ವಸ್ತು. ಕಾಲವನ್ನು ಹಿಂದುಮುಂದಾಗಿ ಹೆಣೆದ ನಿರೂಪಣೆ, ಹಂಸಲೇಖರ ಸಂಗೀತ, ನಿಜಜೀವನದ ರೌಡಿಗಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದ ಎದೆಗಾರಿಕೆ ಇವೆಲ್ಲ ಅಂದಿನ ಪ್ರೇಕ್ಷಕನನ್ನು ಬೆರಗುಗೊಳಿಸಿದವು. ಚಿತ್ರ ಮತ್ತೆ ಮತ್ತೆ ತೆರೆಕಂಡಿತು. ತೆಲುಗಿಗೂ ಹಿಂದಿಗೂ ಹೋಯಿತು.

ಆದರೆ ಅದರೊಳಗೆ ಎರಡು ದನಿಗಳಿವೆ. ಒಂದು ಬೀದಿಯ ಬಿರುನುಡಿ. ಇನ್ನೊಂದು ರಾಜ್‌ಕುಮಾರರ ಕಂಠದಲ್ಲಿ ಮೂಡಿದ ಸೂರ್ಯಪ್ರಾರ್ಥನೆ. ಈ ಎರಡರ ತಿಕ್ಕಾಟವೇ ಚಿತ್ರದ ಜೀವ. ಮರಾಠಿಯಲ್ಲಿ ನಾಮದೇವ ಢಸಾಳರ ‘ಗೋಲ್‌ಪಿಠಾ’ 1972ರಲ್ಲಿ ಮುಂಬಯಿಯ ಬೀದಿನುಡಿಯನ್ನು ಕಾವ್ಯದೊಳಗೆ ತಂದಾಗ, ಆ ಒರಟುತನದ ಬೆನ್ನಿಗೆ ಹಸಿವಿತ್ತು, ಜಾತಿಯ ಗಾಯವಿತ್ತು. ‘ಓಂ’ನ ಮಚ್ಚಿನ ಬೆನ್ನಿಗೂ ಮನೆಯ ಸಂಕಟವಿದೆ. ಅನುಕರಿಸಿದ ಅನೇಕ ಚಿತ್ರಗಳು ಸಂಕಟವನ್ನು ಬಿಟ್ಟು ಮಚ್ಚನ್ನಷ್ಟೇ ಎತ್ತಿಕೊಂಡವು. ನೋವು ಕಳಚಿಕೊಂಡಲ್ಲಿ ಶೈಲಿ ಬರಿಯ ವೇಷವಾಗುತ್ತದೆ.

ಬೆಂಗಳೂರಿನ ಹುಡುಗನಿಗೆ ಇದರಿಂದ ಆಗುವ ನಷ್ಟ ಅಲ್ಪ. ತೆರೆಯ ಆಚೆಗೂ ಅವನಿಗೆ ಕನ್ನಡವಿದೆ: ಅಂಗಡಿಯ ಕನ್ನಡ, ಪತ್ರಿಕೆಯ ಕನ್ನಡ, ತಾಯಿಯ ಕನ್ನಡ. ನೀಲಗಿರಿಯ ಹುಡುಗನಿಗಾದರೋ ‘ಲಾಂಗು’, ‘ಮಚ್ಚು’, ‘ಸ್ಕೆಚ್’ ಇವೇ ಕನ್ನಡವಾಗಿ ಉಳಿಯುವ ಅಪಾಯವಿದೆ. ಅಜ್ಜಿಯ ಬಾಯಲ್ಲಿರುವ ‘ಹಾಲು’, ‘ಹಟ್ಟಿ’ ಎಂಬ ಪದಗಳು ಅದೇ ನುಡಿಯ ಬಂಧುಗಳೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಬಡಗವನ್ನು ಕನ್ನಡದ ನೆರಳೆನ್ನುವುದು ಅನ್ಯಾಯ. ಅದಕ್ಕೆ ತನ್ನದೇ ನಡೆಯಿದೆ, ತನ್ನದೇ ಹಾಡಿದೆ. ಆದರೂ ಒಡಹುಟ್ಟಿದವರು ಪರಸ್ಪರ ಗುರುತು ಹಿಡಿಯಬೇಕಾದುದು ಜಗಳದ ಮಾತಿನಿಂದಲ್ಲ.

ಹಾಗೆಂದು ಚಿತ್ರವನ್ನು ದೂರಿ ಫಲವಿಲ್ಲ. ಶಾಲೆ ತೆರೆಯದ ಬಾಗಿಲನ್ನು ಅದು ತೆರೆದಿದೆ. ಆ ಬಾಗಿಲಿನಲ್ಲಿ ನಿಂತ ತರುಣನನ್ನು ಒಳಗೆ ಕರೆದು, ಪಡಸಾಲೆ, ಅಡುಗೆಮನೆ, ದೇವರಕೋಣೆಗಳನ್ನೂ ತೋರಿಸುವುದು ಕನ್ನಡ ಬಲ್ಲವರ ಕೆಲಸ. ಅವನು ಮೆಚ್ಚಿದ ಚಿತ್ರದ ಪ್ರಾರ್ಥನೆಗೂ ಅವನ ಹಟ್ಟಿಯ ಹಾಡಿಗೂ ನಡುವಿನ ದೂರ, ಗೂಡಲೂರಿನಿಂದ ಗುಂಡ್ಲುಪೇಟೆಗಿರುವ ದಾರಿಗಿಂತ ಹೆಚ್ಚಿನದಲ್ಲ.