ಮಾವಶಿ, ಎಲ್ಲಿ ಇಳೀತೀರಿ?

ಡೊಂಬಿವಲಿ
ಶುಕ್ರವಾರ ಮಧ್ಯಾಹ್ನ

ಚಿ. ಸೌ. ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು ಬೆಳಿಗ್ಗೆ ಏನು ತಿಂಡಿ ಮಾಡಿದೆ ಅನ್ನುವುದು ಕೂಡ ವಾಟ್ಸಾಪಿನಲ್ಲಿ ಗೊತ್ತಾಗುವ ಕಾಲದಲ್ಲಿ ಕಾಗದ ಯಾಕೆ ಅನ್ನಬೇಡ. ಫೋನು ಮಾಡಿದಾಗಲೆಲ್ಲ "ಅಲ್ಲಿ ನಿನಗೆ ಹೊತ್ತು ಹೋಗುತ್ತಾ? ಆ ಲೋಕಲ್ ರೈಲಿನಲ್ಲಿ ಹೇಗೇ ಓಡಾಡ್ತೀಯ?" ಅಂತ ಕೇಳುತ್ತೀಯಲ್ಲ, ಎರಡಕ್ಕೂ ಉತ್ತರ ಒಂದೇ. ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಮೊದಲು ಮನೆಯ ಸಮಾಚಾರ. ಇಲ್ಲಿ ಬೆಳಗಾಗುವುದು ಪಾರಿವಾಳಗಳಿಂದ. ಮಗಳು ಬಾಲ್ಕನಿಗೆ ಬಲೆ ಕಟ್ಟಿಸಿದ್ದಾಳೆ. ಬಲೆಗೂ ಎ.ಸಿ. ಪೆಟ್ಟಿಗೆಗೂ ನಡುವೆ ಉಳಿದ ಸಂದಿಯಲ್ಲಿ ಒಂದು ಜೋಡಿ ಸಂಸಾರ ಹೂಡಿದೆ. ಐದು ಗಂಟೆಗೇ ಅವುಗಳ ಗುಟುರು ಶುರು. ನಿನ್ನ ಭಾವ ದಿನಾ ಎದ್ದು ಅವಕ್ಕೆ ಬೈಯುತ್ತಾರೆ, ಆಮೇಲೆ ಮೊಟ್ಟೆ ಮರಿಯಾಯಿತೇ ಎಂದು ಇಣುಕಿಯೂ ನೋಡುತ್ತಾರೆ. ಆರಕ್ಕೆ ನಲ್ಲಿಯಲ್ಲಿ ನೀರು, ಏಳಕ್ಕೆ ಬಂದ್. ಎಂಟಕ್ಕೆ ಕಸದವಳು ಗಂಟೆ ಒತ್ತಿ "ಕಚ್ರಾ!" ಎಂದು ಕೂಗಿದಳೆಂದರೆ ಮಹಡಿಯ ನಾಲ್ಕೂ ಬಾಗಿಲು ಒಟ್ಟಿಗೇ ತೆರೆಯುತ್ತವೆ. ಒಲೆಯ ಮೇಲೆ ಒಗ್ಗರಣೆ ಇಟ್ಟ ಹೊತ್ತಿಗೇ ಬರುತ್ತಾಳೆ ಎಂದು ನಾಲ್ವರೂ ಗೊಣಗುತ್ತಾ ಬುಟ್ಟಿ ಹಿಡಿದು ಬರುತ್ತೇವೆ, ಅವಳು ಹೋದ ಮೇಲೂ ಅಲ್ಲೇ ನಿಂತಿರುತ್ತೇವೆ. ಎದುರು ಮನೆಯಾಕೆಯ ಮೊಣಕಾಲು ನೋವು, ಪಕ್ಕದವರ ಮಗನಿಗೆ ಹೆಣ್ಣು ಸಿಗದಿರುವುದು, ಎಲ್ಲ ತಿಳಿದದ್ದು ಆ ಕಾಲು ಗಂಟೆಯಲ್ಲಿ. ಸದ್ದಿಲ್ಲದೆ ಕಸ ಒಯ್ಯುವ ಏರ್ಪಾಡಿದ್ದಿದ್ದರೆ ಪಕ್ಕದ ಮನೆಯಲ್ಲಿ ಯಾರಿದ್ದಾರೆಂದೇ ನನಗೆ ಗೊತ್ತಾಗುತ್ತಿರಲಿಲ್ಲ.

ಇನ್ನು ರೈಲು. ಅದನ್ನು ಹತ್ತುವುದಕ್ಕೆ ನನಗಿರುವ ಕಾರಣ ಕಾಫಿ ಪುಡಿ. ಇಲ್ಲಿ ಮನೆಯ ಹತ್ತಿರದ ಅಂಗಡಿಯಲ್ಲಿ ಸೀಸೆಯ ಕಾಫಿ ಬಿಟ್ಟರೆ ಇನ್ನೇನೂ ಇಲ್ಲ. ಬೀಜ ಕಣ್ಣೆದುರೇ ಪುಡಿ ಮಾಡಿ, ಚಿಕೋರಿ ಎಷ್ಟು ಹಾಕಲಿ ಎಂದು ಕೇಳುವ ಅಂಗಡಿ ಬೇಕೆಂದರೆ ಮಾಟುಂಗಕ್ಕೇ ಹೋಗಬೇಕು. ಮಾಟುಂಗ ಅಂದರೆ ಮುಂಬಯಿಯ ನಡುವೆ ನಮ್ಮವರ ಪೇಟೆ ಅಂದುಕೋ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಅಲ್ಲೇ. ಮಲ್ಲಿಗೆ ದಂಡೆ, ಬಾಳೆ ಎಲೆ, ಕರಿಬೇವು ಎಲ್ಲ ರಸ್ತೆಯ ಬದಿಯಲ್ಲೇ. ಫಾಸ್ಟ್ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಕೋಪರ್, ದಿವಾ, ಮುಂಬ್ರಾ ಎಂದು ಎಲ್ಲ ಕಡೆ ನಿಂತು ನಿಂತು ಹೋಗುವ ಸ್ಲೋ ಗಾಡಿಯೇ ಆಗಬೇಕು. ನನಗೆ ಅದೇ ಇಷ್ಟ.

ಹೆಂಗಸರ ಡಬ್ಬಿಯ ಸೀಟು ಮೂರು ಜನಕ್ಕೆಂದು ಮಾಡಿದ್ದು, ಕೂರುವವರು ನಾಲ್ವರು. ನಾಲ್ಕನೆಯವಳಿಗೆ ಸಿಗುವುದು ಬರೀ ಅಂಚು. ಒಂದು ತೊಡೆ ಸೀಟಿನ ಮೇಲೆ, ಇನ್ನೊಂದು ಕಾಲು ದಾರಿಗೆ ಊರಿಕೊಂಡು ಕೂತಿರಬೇಕು. ನಿಂತವಳ ಬ್ಯಾಗು ಕಿವಿಗೆ ಬಡಿಯುತ್ತಿರುತ್ತದೆ. ಇದಕ್ಕೆ ಬರೆದಿಟ್ಟ ಕಾನೂನು ಎಲ್ಲೂ ಇಲ್ಲ. ಆದರೂ ಅವಳು ಬಂದು ಕೈ ಸನ್ನೆ ಮಾಡಿದರೆ ಮೂವರೂ ಸರಿಯಲೇಬೇಕು. ಮುಖ ಸಿಂಡರಿಸಿಕೊಂಡು ಸರಿಯುತ್ತಾರೆ, ಅದಕ್ಕೇನೂ ಅಡ್ಡಿಯಿಲ್ಲ.

ಇನ್ನೊಂದು ಪದ್ಧತಿ ಕೇಳು. ಹತ್ತಿದವಳು ಮೊದಲು ಮಾಡುವ ಕೆಲಸ ಅಂದರೆ ಕೂತವರನ್ನೆಲ್ಲ, ನಾವು ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಎಂದು ಕರೆದು, ವಿಚಾರಿಸುವುದು. "ಮಾವಶಿ, ಎಲ್ಲಿ ಇಳೀತೀರಿ?" ಠಾಣೆ, ಘಾಟ್‌ಕೋಪರ್, ಕುರ್ಲಾ ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಠಾಣೆಯವಳ ಸೀಟು ಮೊದಲು ಕೇಳಿದವಳಿಗೆ. ಒಮ್ಮೆ ಮಾತಾಯಿತೆಂದರೆ ಮುಗಿಯಿತು, ನಡುವೆ ಬೇರೆ ಯಾರಾದರೂ ಕೂರಲು ಬಂದರೆ ಇಡೀ ಡಬ್ಬಿಯೇ ನ್ಯಾಯಕ್ಕೆ ನಿಲ್ಲುತ್ತದೆ. ಮೊದಮೊದಲು ನನಗೆ ಮೈಯುರಿಯುತ್ತಿತ್ತು. ಮನೆಗೆ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಯಾವಾಗ ಹೊರಡ್ತೀರಿ ಎಂದು ಕೇಳಿದ ಹಾಗಲ್ಲವೇನೇ? ಈಗ ಯಾರೂ ಕೇಳದಿದ್ದರೆ ಬೇಜಾರು. "ಮಾಟುಂಗ" ಅಂದ ಕೂಡಲೇ "ಹೂವಿಗಾ, ಇಡ್ಲಿಗಾ?" ಅನ್ನುತ್ತಾರೆ, ಅಲ್ಲಿಂದ ಮಾತು ಎಲ್ಲಿಗೆ ಬೇಕಾದರೂ ಹೋಗುತ್ತದೆ. ನನ್ನ ಹಿಂದಿಯಲ್ಲಿ ಅದು ಬಹಳ ದೂರವೇನೂ ಹೋಗುವುದಿಲ್ಲ, ಬಿಡು.

ಈಚೆಗೊಂದು ದಿನ ಮುಲುಂಡಿನಲ್ಲಿ ಕ್ಲಿಪ್ಪು ಮಾರುವವಳು ಹತ್ತಿದಳು. ದೊಡ್ಡ ರಟ್ಟಿನ ತುಂಬ ಓಲೆ, ಕ್ಲಿಪ್ಪು, ಹೇರ್‌ಬ್ಯಾಂಡು, ಬಿಂದಿ ಪಾಕೀಟು. ಅವಳಿಗೆ ಒಳಗೆ ಬರಲು ಜಾಗವಿಲ್ಲ. ಆ ರಟ್ಟೇ ನಮ್ಮ ತಲೆಗಳ ಮೇಲಿಂದ ಕೈಯಿಂದ ಕೈಗೆ ಸಾಗಿ ಬಂತು. ಅವಳು ಬಾಗಿಲ ಹತ್ತಿರವೇ ನಿರುಮ್ಮಳವಾಗಿ ನಿಂತಿದ್ದಳು. ನನ್ನ ಪಕ್ಕದ ಕಾಲೇಜು ಹುಡುಗಿ ಒಂದು ಜೋಡಿ ಕೆಂಪು ಓಲೆ ಕಿವಿಗೆ ಹಿಡಿದು "ಆಂಟಿ, ಕೈಸಾ ಲಗ್ತಾ ಹೈ?" ಎಂದಳು. ನಾನು ಹಸಿರು ತೋರಿಸಿದೆ. ಎದುರು ಸೀಟಿನಾಕೆಗೆ ಹಸಿರು ಹಿಡಿಸಲಿಲ್ಲ, ಕಿಟಕಿಯವಳು ನನ್ನ ಪಕ್ಷ. ಕಾಂಜೂರ್‌ಮಾರ್ಗದವರೆಗೆ ವಾದ ನಡೆದು ಹುಡುಗಿ ಕೆಂಪನ್ನೇ ಕೊಂಡಳು. ಅವಳ ನೋಟು ನಾಲ್ಕಾರು ಕೈ ದಾಟಿ ಬಾಗಿಲಿಗೆ ಹೋಯಿತು, ಚಿಲ್ಲರೆ ಅದೇ ಕೈಗಳನ್ನು ದಾಟಿ ವಾಪಸು ಬಂತು. ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ.

ಅವತ್ತು ಜೊತೆಗೆ ಬಂದಿದ್ದ ನಿನ್ನ ಭಾವ ಮಾಟುಂಗದಲ್ಲಿ ಗಂಡಸರ ಡಬ್ಬಿಯಿಂದ ಅಂಗಿಯ ಗುಂಡಿಯೊಂದನ್ನು ಕಳೆದುಕೊಂಡು ಇಳಿದರು. ಇನ್ನು ಮೇಲೆ ಟ್ಯಾಕ್ಸಿಯೇ ಗತಿ ಎಂದು ಸಾರಿದರು. ಸ್ಟೇಷನ್ನಿನ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ಬಾಳೆ ಎಲೆ ಊಟ ಹಾಕುವ ಜಾಗ. ಸರದಿ ಕಾದು ಕೂತೆವು. ಮೇಜಿಗೆ ಎದುರಾಗಿ ಕೂತಿದ್ದವರು ಗುಜರಾತಿ ದಂಪತಿ. ಆತನ ಎಲೆಯ ಮೇಲೆ ಬಿದ್ದ ಸಾರು ಅಡ್ಡಾದಿಡ್ಡಿ ಹರಿದು ಮೇಜು ದಾಟಿ ಸೀದಾ ಇವರ ಪಂಚೆಗೆ ಬಂತು. ನಾನು ಹೆದರಿದೆ, ಮೊದಲೇ ಗುಂಡಿ ಕಳೆದುಕೊಂಡು ಕೂತಿದ್ದಾರೆ! ಇವರು ಏನು ಮಾಡಿದರು ಗೊತ್ತಾ? ಬಡಿಸುವವನನ್ನು ನಿಲ್ಲಿಸಿ, ಆತನಿಗೆ ಇನ್ನೊಂದು ಸೌಟು ಅನ್ನ ಹಾಕಿಸಿ, ನಡುವೆ ಗುಂಡಿ ತೋಡಿ, ಸುತ್ತ ಕಟ್ಟೆ ಕಟ್ಟಿ, ಅದರೊಳಗೆ ಸಾರು ಹುಯ್ಯಿಸಿ ಕಲೆಸುವುದನ್ನು ಹಂತ ಹಂತವಾಗಿ ಕಲಿಸಿದರು. ಮಾತಿಲ್ಲ, ಬರೀ ಕೈ. ನಿವೃತ್ತರಾದ ಮೇಲೆ ಇಷ್ಟು ಉತ್ಸಾಹದಿಂದ ಪಾಠ ಮಾಡಿದ್ದನ್ನು ನಾನು ನೋಡಿರಲಿಲ್ಲ. ಟ್ಯಾಕ್ಸಿಯ ಮಾತು ಮತ್ತೆ ಬರಲಿಲ್ಲ.

ವಾಪಸು ಬರುವಾಗ ಪಕ್ಕದಲ್ಲಿ ಆಫೀಸಿನಿಂದ ಬರುತ್ತಿದ್ದ ಹೆಂಗಸು. ಕೊರಳಿನಲ್ಲಿ ಇನ್ನೂ ಗುರುತಿನ ಚೀಟಿ, ತೊಡೆಯ ಮೇಲೆ ಹಾಸಿದ ಪೇಪರು, ಅದರ ಮೇಲೆ ಮೆಂತ್ಯ ಸೊಪ್ಪಿನ ಕಟ್ಟು. ಎಲೆ ಒಂದು ಚೀಲಕ್ಕೆ, ದಂಟು ಇನ್ನೊಂದಕ್ಕೆ. ಕೈ ಸುಮ್ಮನಿರುತ್ತದೆಯೇ? ನಾನೂ ಒಂದು ಹಿಡಿ ತೆಗೆದುಕೊಂಡೆ. ಆಕೆ ತಲೆಯೆತ್ತಿ ನೋಡಲೂ ಇಲ್ಲ, ಎಲೆಯ ಚೀಲವನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದಳು, ಅಷ್ಟೆ. ಠಾಣೆ ಬರುವುದರೊಳಗೆ ಕಟ್ಟು ಖಾಲಿ. ಹೆಸರು, ಊರು ಒಂದನ್ನೂ ಕೇಳಿಕೊಳ್ಳಲಿಲ್ಲ. ಇಳಿಯುವಾಗ "ರಾತ್ರಿ ಥೇಪ್ಲಾ" ಎಂದು ಹೇಳಿ ಹೋದಳು.

ರಾತ್ರಿ ಊಟಕ್ಕೆ ಕೂತಾಗ ನಿನ್ನ ಭಾವನ ಚರಿತ್ರೆ ಪಾಠ. ದೇಶದಲ್ಲಿ ಮೊದಲು ಜನರನ್ನು ಕೂರಿಸಿಕೊಂಡು ಹೋದ ರೈಲು ಓಡಿದ್ದು ಇದೇ ಠಾಣೆಗೆ, 1853ರ ಏಪ್ರಿಲ್ 16ರಂದು, ಬೋರಿ ಬಂದರಿನಿಂದ 34 ಕಿಲೋಮೀಟರ್, 14 ಬೋಗಿಗಳಲ್ಲಿ 400 ಜನ. ಬೋಗಿಗೆ ಮೂವತ್ತು ಜನರೂ ಇಲ್ಲ! ಅಷ್ಟು ಆರಾಮವಾಗಿ ಹೋದವರು ಒಬ್ಬರನ್ನೊಬ್ಬರು ಮಾತಾಡಿಸಿಯೇ ಇರಲಿಕ್ಕಿಲ್ಲ ಎಂದೆ. ಮಗಳು ನಕ್ಕು, ಭಾನುವಾರ ಬೇಕೆಂದೇ ನನ್ನನ್ನು ಎ.ಸಿ. ಲೋಕಲ್‌ನಲ್ಲಿ ಕರೆದುಕೊಂಡು ಹೋದಳು. ಈ ಊರಿನಲ್ಲಿ ಅಂಥ ಗಾಡಿ ಮೊದಲು ಓಡಿದ್ದು 2017ರ ಕ್ರಿಸ್‌ಮಸ್ ದಿನ. ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಒಳಗೆಲ್ಲ ತಂಪು, ಟಿಕೆಟ್ಟು ದುಬಾರಿ. ಸುಖವಾಗಿ ಹೋಗಿ ಸುಖವಾಗಿ ಬಂದೆವು. ಎಲ್ಲರ ಕಿವಿಯಲ್ಲೂ ಇಯರ್‌ಫೋನು. ನಿನಗೆ ಬರೆಯುವಂಥದ್ದು ಒಂದೂ ಸಿಗಲಿಲ್ಲ.

ಹಾಗೆಂದು ಅಕ್ಕ ನೂಕುನುಗ್ಗಲನ್ನು ಹೊಗಳುತ್ತಿದ್ದಾಳೆ ಅಂದುಕೋಬೇಡ. 2025ರ ಜೂನ್‌ನಲ್ಲಿ ಮುಂಬ್ರಾ ಹತ್ತಿರ, ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರಲ್ಲ, ಮಗಳು ದಿನಾ ಹೋಗುವುದು ಆ ದಾರಿಯಲ್ಲೇ. ಬಾಗಿಲು ಮುಚ್ಚುವ ಗಾಡಿ ಎಲ್ಲರಿಗೂ ಬರಬೇಕು, ಮಾಮೂಲಿ ಟಿಕೆಟ್ಟಿಗೇ ಬರಬೇಕು. ಸೀಟಿನ ಅಂಚಿಗಾಗಿ ಮುನಿಸಿಕೊಳ್ಳುವುದು ಬೇರೆ, ಪ್ರಾಣ ಕೈಯಲ್ಲಿ ಹಿಡಿದು ಕೆಲಸಕ್ಕೆ ಹೋಗುವುದು ಬೇರೆ. ನನಗೆ ಹೊತ್ತು ಹೋಗುವುದು ಮೊದಲನೆಯದರಿಂದ.

ಖಂಡೇನವಮಿಯ ದಿನ ಇಲ್ಲಿ ದಿನಾ ಓಡಾಡುವವರೆಲ್ಲ ಸೇರಿ ತಮ್ಮ ತಮ್ಮ ಡಬ್ಬಿಗೆ ಹೂವು ತೋರಣ ಕಟ್ಟಿ ಪೂಜೆ ಮಾಡುತ್ತಾರೆ, ಥೇಟ್ ನಮ್ಮ ಆಯುಧಪೂಜೆ. ನೋಡಲು ಬಾ ಅಂದರೆ ದಸರಾಕ್ಕೆ ಮೈಸೂರು ಬಿಟ್ಟು ಬರುವುದುಂಟೇ, ಗೊಂಬೆ ಕೂರಿಸುವವರು ಯಾರು ಅನ್ನುತ್ತೀಯ. ಸರಿ, ದೀಪಾವಳಿ ಕಳೆದ ಮೇಲಾದರೂ ಬಾ. ಗಟ್ಟಿ ಚಪ್ಪಲಿ ಹಾಕಿಕೊಂಡು ಬಾ, ಸೆರಗಿಗೆ ಪಿನ್ನು ಮರೆಯಬೇಡ. ಬೆಳಿಗ್ಗೆ 8ರಿಂದ 11ರವರೆಗೆ ಸ್ಟೇಷನ್ ಕಡೆ ಮುಖ ಹಾಕುವುದು ಬೇಡ, ಮಧ್ಯಾಹ್ನದ ಗಾಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸಾರಿನ ಪುಡಿ, ಹಪ್ಪಳ ಏನು ಬೇಕಾದರೂ ತಾ. ಕಾಫಿ ಪುಡಿ ಮಾತ್ರ ತರಬೇಡ ಕಣೇ, ತಂದರೆ ಮಾಟುಂಗಕ್ಕೆ ಹೋಗಲು ನೆಪವೇ ಇಲ್ಲದಂತಾಗುತ್ತದೆ.

ಮಕ್ಕಳಿಗೆ ಆಶೀರ್ವಾದ.

ಇತಿ,
ನಿನ್ನ ಅಕ್ಕ