ಪಂಚ ಹೌದದ ಚಹಾ



ಬಿಬವೇವಾಡಿಯಲ್ಲಿ ಬೆಳೆದ ನಿಮಗೆ ಪುಣೆಯ ಹಳೆಯ ಪೇಟೆಗಳೆಂದರೆ ಗಣಪತಿ ಹಬ್ಬದ ನೂಕುನುಗ್ಗಲು, ಅಷ್ಟೇ. ಶನಿವಾರವಾಡೆ, ಲಾಲ್ ಮಹಲುಗಳನ್ನು ಶಾಲೆಯವರೇ ತೋರಿಸಿದ್ದಾರೆ. ಅದೇ ಪೇಟೆಗಳಲ್ಲಿರುವ ಎರಡು ಚರ್ಚುಗಳನ್ನು ಒಮ್ಮೆ ನೋಡಿ ಬನ್ನಿ.

ಮೊದಲನೆಯದು ನಾನಾ ಪೇಟೆಯ ಸಿಟಿ ಚರ್ಚು. ತಮ್ಮ ಸೈನ್ಯದಲ್ಲಿದ್ದ ಕ್ರೈಸ್ತ ಸಿಪಾಯಿಗಳ ಪ್ರಾರ್ಥನೆಗೆಂದು 1792ರಲ್ಲಿ ಸವಾಯಿ ಮಾಧವರಾವ್ ಪೇಶ್ವೆಯವರೇ ಜಾಗ ಕೊಟ್ಟರು. ಬ್ರಿಟಿಷರ ಆಳ್ವಿಕೆ ಇಲ್ಲಿಗೆ ಬರುವುದಕ್ಕೆ ಇನ್ನೂ ಇಪ್ಪತ್ತಾರು ವರ್ಷವಿತ್ತು ಎಂಬುದನ್ನು ಗಮನಿಸಿ.

ಎರಡನೆಯದು ಗುರುವಾರ ಪೇಟೆಯ ಹೋಲಿ ನೇಮ್ ಚರ್ಚು, 1885ರದು. ಎತ್ತರದ ಗಂಟೆಗೋಪುರ ದೂರದಿಂದಲೇ ಕಾಣುತ್ತದೆ. ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಯಾರಿಗೂ ತಿಳಿಯದು. 'ಪಂಚ ಹೌದ' ಎನ್ನಬೇಕು. ಹೌದ ಎಂದರೆ ನೀರಿನ ತೊಟ್ಟಿ; ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲೂ ಅದೇ ಶಬ್ದ. ಅಲ್ಲಿ ಹಿಂದೆ ಐದು ಹೌದಗಳಿದ್ದವಂತೆ. ಪೇಶ್ವೆಯವರ ಕಾಲದಲ್ಲಿ, 1750ರ ಸುಮಾರಿಗೆ, ಕಾತ್ರಜ ಕೆರೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ನಮ್ಮ ಈ ದಿಕ್ಕಿನಿಂದಲೇ ಊರಿನ ಹೌದಗಳಿಗೆ ಹರಿಸುತ್ತಿದ್ದರು.

ಈಗ ಚಹಾದ ವಿಷಯ. 1890ರ ಅಕ್ಟೋಬರಿನಲ್ಲಿ ಈ ಪಂಚ ಹೌದ ಮಿಶನ್ನಿನಲ್ಲಿ ಒಂದು ಸಭೆ ನಡೆಯಿತು. ನ್ಯಾಯಮೂರ್ತಿ ರಾನಡೆ, ತಿಲಕರು, ಇನ್ನೂ ಹಲವು ಪ್ರಮುಖರು ಬಂದಿದ್ದರು. ಕೊನೆಗೆ ಚಹಾ, ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಕಪ್ಪು ಹಿಡಿದು ಹಾಗೇ ಕೆಳಗಿಟ್ಟರು. ಡಾಕ್ಟರ್ ಆನಂದಿಬಾಯಿಯವರ ಪತಿ ಗೋಪಾಳರಾವ್ ಜೋಶಿಯವರು ಎಲ್ಲರ ಹೆಸರನ್ನೂ ಪತ್ರಿಕೆಗೆ ಕೊಟ್ಟುಬಿಟ್ಟರು. (ಬಲು ವಿಚಿತ್ರ ಮನುಷ್ಯ!) ಕ್ರೈಸ್ತರ ಕೈಯ ಚಹಾ ಎಂದು ಊರೆಲ್ಲ ಗದ್ದಲ, ಬಹಿಷ್ಕಾರದ ಮಾತು, ದೂರು ಶಂಕರಾಚಾರ್ಯರವರೆಗೆ ಹೋಯಿತು. ತಿಲಕರು ಕಾಶಿಯಲ್ಲಿ ಪ್ರಾಯಶ್ಚಿತ್ತವಾಗಿದೆ ಎಂದರು. ವಿಧವಾವಿವಾಹಕ್ಕಾಗಿ ಹೋರಾಡಿದ ರಾನಡೆಯವರೂ ಕೊನೆಗೆ ಪ್ರಾಯಶ್ಚಿತ್ತ ಮಾಡಿಕೊಂಡರು. ಅವರ ಸುಧಾರಕ ಗೆಳೆಯರಿಗೆ ಅದು ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ, ಆದರೆ ಮನೆ ತುಂಬ ಬಂಧುಗಳಿದ್ದು, ಮದುವೆ-ಶ್ರಾದ್ಧಕ್ಕೆ ಯಾರೂ ಬರುವುದಿಲ್ಲ ಎಂಬ ಬೆದರಿಕೆ ಎದುರಾದರೆ ಎಷ್ಟು ಜನ ಗಟ್ಟಿಯಾಗಿ ನಿಲ್ಲುತ್ತಾರೆ, ನೀವೇ ಹೇಳಿ.

ಚರ್ಚಿಗೆ ಪೇಶ್ವೆಯೇ ಜಾಗ ಕೊಟ್ಟ ಊರಿನಲ್ಲಿ, ತೊಂಬತ್ತೆಂಟು ವರ್ಷಗಳ ನಂತರ ಒಂದು ಕಪ್ಪು ಚಹಾ ಅಪರಾಧವಾಯಿತು!

ನಗಬೇಡಿ. ನಾನು ಚಿಕ್ಕವಳಿದ್ದಾಗ ಧಾರವಾಡದ ನಮ್ಮ ಮನೆಯ ಹಿತ್ತಿಲ ಗೂಡಿನಲ್ಲಿ, ಕಿವಿ ಮುರಿದ ಒಂದು ಕಪ್ಪು ಬೇರೆಯಾಗಿ ಇರುತ್ತಿತ್ತು. ಯಾರಿಗೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನಿಮ್ಮ ಅಜ್ಜಿಯರನ್ನು ಕೇಳಿ, ಅವರ ಮನೆಯಲ್ಲೂ ಅಂಥ ಕಪ್ಪಿತ್ತೇ, ಇದ್ದರೆ ಅದು ಯಾವಾಗ, ಯಾರ ಕೈಯಿಂದ ಹೊರಗೆ ಹೋಯಿತು ಎಂದು.